ಲಿನಕ್ಸ್‌ನ ‘ಮೂವಬಲ್ ನೋಡ್’ ಬೂಟ್ ಆಯ್ಕೆ: ಬಳಸಿ ನೋಡಿದ ಮೇಲೆ

ಯಂತ್ರವನ್ನು ನಿಲ್ಲಿಸದೆ ಮೆಮೊರಿಯನ್ನು ಕಳಚುವ ಸೌಲಭ್ಯ ಕೈಗೂಡುವುದೋ ಕೆಡುವುದೋ ಬೂಟ್‌ನ ಮೊದಲ ಕ್ಷಣಗಳಲ್ಲೇ ನಿರ್ಧಾರವಾಗುತ್ತದೆ. ಕರ್ನೆಲ್ (ಲಿನಕ್ಸ್‌ನ ತಿರುಳು ಭಾಗ) ತನಗಾಗಿ ಹಿಡಿದಿಟ್ಟುಕೊಂಡ ಪುಟಗಳನ್ನು, ಅಂದರೆ ಮೆಮೊರಿಯ ಸಣ್ಣ ತುಣುಕುಗಳನ್ನು, ಸಾಮಾನ್ಯವಾಗಿ ಬೇರೆಡೆಗೆ ಸರಿಸಲಾಗದು. ಅಂಥ ಒಂದೇ ಪುಟ ಸಿಕ್ಕಿಕೊಂಡರೂ ಅದಿರುವ ಬ್ಲಾಕ್ (ಒಟ್ಟಾಗಿ ಕಳಚುವ ಮೆಮೊರಿಯ ದೊಡ್ಡ ತುಂಡು) ಕದಲುವುದಿಲ್ಲ. ಬೂಟ್ ವೇಳೆ ‘ಮೂವಬಲ್ ನೋಡ್’ ಆಯ್ಕೆ ಕೊಟ್ಟರೆ, ಎಸಿಪಿಐನ (ಯಂತ್ರಾಂಶದ ವಿವರಗಳನ್ನು ಕರ್ನೆಲ್‌ಗೆ ತಿಳಿಸುವ ಮಾನಕದ) ‘ಸ್ರಾಟ್’ ಕೋಷ್ಟಕವು ಕಳಚಬಹುದೆಂದು ಗುರುತಿಸಿದ ಪ್ರದೇಶಗಳನ್ನು ಬೂಟ್‌ನ ಆರಂಭದಲ್ಲಿ ಮೆಮೊರಿ ಹಂಚುವ ‘ಮೆಮ್‌ಬ್ಲಾಕ್’ ವ್ಯವಸ್ಥೆ ಬಿಟ್ಟು ಮುಂದೆ ಸಾಗುತ್ತದೆ. ಆದರೆ ಕೋಷ್ಟಕವನ್ನು ಓದುವ ಮುನ್ನವೇ ಪೇಜ್ ಟೇಬಲ್‌ಗಳಿಗೆ (ಮೆಮೊರಿ ವಿಳಾಸಗಳ ನಕ್ಷೆಗಳಿಗೆ) ಜಾಗ ಬೇಕಲ್ಲ! ಅದನ್ನು ಕರ್ನೆಲ್ ಇಮೇಜ್‌ನ ತುದಿಯಿಂದ ಮೇಲ್ಮುಖವಾಗಿ, ಅದರ ಮಗ್ಗುಲಲ್ಲೇ ಕೊಡಲಾಗುತ್ತದೆ; ಕರ್ನೆಲ್ ಕುಳಿತ ನೋಡ್ (ಪ್ರೊಸೆಸರ್ ಮತ್ತು ಅದಕ್ಕೆ ಹತ್ತಿರದ ಮೆಮೊರಿಯ ಗುಂಪು) ಹೇಗೂ ಕಳಚುವಂಥದ್ದಲ್ಲ ಎಂಬ ಈ ಎಣಿಕೆ ನನಗೆ ಬಹಳ ಹಿಡಿಸಿತು.

ಎರಡು ನೋಡ್‌ಗಳ ನಮ್ಮ ಸರ್ವರ್‌ನಲ್ಲಿ ಮೊದಲು ಬ್ಲಾಕ್‌ನ ಸ್ಥಿತಿ ಬದಲಿಸುವ ‘ಸ್ಟೇಟ್’ ಕಡತಕ್ಕೆ ‘ಆಫ್‌ಲೈನ್’ ಎಂದು ಬರೆದಾಗಲೆಲ್ಲ ‘ಡಿವೈಸ್ ಆರ್ ರಿಸೋರ್ಸ್ ಬ್ಯುಸಿ’ ಎಂಬ ಉತ್ತರವೇ ಬರುತ್ತಿತ್ತು. ಆಯ್ಕೆ ಸೇರಿಸಿದ ಮೇಲೆ ಎರಡನೆಯ ನೋಡ್‌ನ ಬ್ಲಾಕ್‌ಗಳು ಒಂದೊಂದಾಗಿ ಬಿಟ್ಟುಕೊಂಡವು. ಇನ್ನೊಂದು ಹಳೆಯ ಯಂತ್ರದ ಫರ್ಮ್‌ವೇರ್ (ಯಂತ್ರದೊಳಗೇ ಬರುವ ಮೂಲ ತಂತ್ರಾಂಶ) ಆ ಕೋಷ್ಟಕದಲ್ಲಿ ಯಾವ ಪ್ರದೇಶವನ್ನೂ ಗುರುತಿಸಿರಲಿಲ್ಲವಾದ್ದರಿಂದ ಅಲ್ಲಿ ಆಯ್ಕೆ ಸದ್ದಿಲ್ಲದೆ ವ್ಯರ್ಥವಾಯಿತು. ಒಂದು ಎಚ್ಚರಿಕೆಯ ಸಾಲಾದರೂ ಬರಬೇಕಿತ್ತು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ನೋಡ್ ಪೂರ್ತಿ ‘ಜೋನ್ ಮೂವಬಲ್’ಗೆ (ಸರಿಸಬಲ್ಲ ಪುಟಗಳಿಗೆ ಮೀಸಲಾದ ವಲಯಕ್ಕೆ) ಹೋದರೆ ಕರ್ನೆಲ್‌ನ ದತ್ತಾಂಶವೆಲ್ಲ ಪಕ್ಕದ ನೋಡ್‌ನಲ್ಲೇ ತುಂಬಿಕೊಂಡು, ಅಲ್ಲಿಂದ ತರುವಾಗ ವೇಗ ಕುಗ್ಗುತ್ತದೆ, ಒಟ್ಟು ಮೆಮೊರಿ ಸಾಕಷ್ಟು ಖಾಲಿಯಿದ್ದರೂ ಕರ್ನೆಲ್‌ಗೆ ಜಾಗ ಸಾಲದೆ ಹೋಗಬಹುದು. ಸರಿಸಬಲ್ಲ ಮತ್ತು ಕರ್ನೆಲ್ ಭಾಗಗಳ ಅನುಪಾತ 3:1ರ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳುವುದು ಕ್ಷೇಮ. ಡಿಮ್‌ಗಳನ್ನು (ಮೆಮೊರಿ ಪಟ್ಟಿಗಳನ್ನು) ನಿಜಕ್ಕೂ ಕಳಚುವ ಉದ್ದೇಶವಿಲ್ಲದವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ.