ಕೀಪಾಸ್‌ಎಕ್ಸ್‌ಸಿ: ಸಾಫ್ಟ್‌ವೇರ್ ಕೀಗಳನ್ನು ಇಡಲು ಏಳು ವರ್ಷ ಬಳಸಿದ ಅನುಭವ

ನಾನು ತಿಪಟೂರಿನಲ್ಲಿ ಕೊಬ್ಬರಿ ಮಂಡಿಯವರಿಗೆ ಲೆಕ್ಕ ಬರೆದುಕೊಡುತ್ತೇನೆ, ಜೊತೆಗೆ ಸ್ವಲ್ಪ ಡಿಟಿಪಿ ಕೆಲಸ. ಅಂಗಡಿಯಲ್ಲಿ ಮೂರು ಕಂಪ್ಯೂಟರ್, ಮನೆಯಲ್ಲಿ ಒಂದು ಲ್ಯಾಪ್‌ಟಾಪ್. 2018ರ ಏಪ್ರಿಲ್‌ನಿಂದ ಎಲ್ಲ ಸಾಫ್ಟ್‌ವೇರ್ ಕೀಗಳನ್ನು, ಅಂದರೆ ಸಾಫ್ಟ್‌ವೇರ್ ಕೊಂಡಾಗ ಕೊಡುವ ಲೈಸೆನ್ಸ್ ನಂಬರ್‌ಗಳನ್ನು, ಕೀಪಾಸ್‌ಎಕ್ಸ್‌ಸಿಯಲ್ಲೇ ಇಡುತ್ತಿದ್ದೇನೆ. ಇದು ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡುವ ಸಾಫ್ಟ್‌ವೇರ್. ಪಾಸ್‌ವರ್ಡ್ ಇಡೋಕೆ ಇದು ಹೇಗಿದೆ ಅಂತ ತುಂಬಾ ಜನ ಬರೆದಿದ್ದಾರೆ, ಹಾಗಾಗಿ ನಾನು ಕೀಗಳ ವಿಷಯ ಮಾತ್ರ ಬರೆಯುತ್ತೇನೆ.

ಶುರುವಾಗಿದ್ದು ಒಂದು ಹಾರ್ಡ್ ಡಿಸ್ಕ್ ಸತ್ತಾಗ. 2018ರ ಮಾರ್ಚ್ 17, ಶನಿವಾರ. 20ಕ್ಕೆ ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ಸಲ್ಲಿಸಲು ಕೊನೇ ದಿನ. ಎರಡು ದಿನದಿಂದ ಟಿಕ್ ಟಿಕ್ ಅಂತಿದ್ದ ಡಿಸ್ಕ್ ಅವತ್ತು ಬೆಳಗ್ಗೆ ಎದ್ದೇಳಲೇ ಇಲ್ಲ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ದಿನಾ ಪೆನ್‌ಡ್ರೈವ್‌ಗೆ ಹೋಗುತ್ತಿತ್ತು, ಅದು ಉಳಿಯಿತು. ಆದರೆ ಕೀಗಳೆಲ್ಲ ಅದೇ ಡಿಸ್ಕ್‌ನ ಡೆಸ್ಕ್‌ಟಾಪ್ ಮೇಲೆ ಒಂದು ನೋಟ್‌ಪ್ಯಾಡ್ ಫೈಲ್‌ನಲ್ಲಿದ್ದವು. ಹೊಸ ಡಿಸ್ಕ್ ಹಾಕಿಸಿ ಟ್ಯಾಲಿ ಇನ್‌ಸ್ಟಾಲ್ ಮಾಡಿದೆ. ಸೀರಿಯಲ್ ನಂಬರ್ ಹಳೇ ಬಿಲ್‌ನಲ್ಲಿ ಸಿಕ್ಕಿತು, ಆದರೆ ಲೈಸೆನ್ಸ್ ನೋಂದಾಯಿಸಿದ್ದ ಇಮೇಲ್ ನನ್ನದಲ್ಲ! ಇನ್‌ಸ್ಟಾಲ್ ಮಾಡಿಕೊಟ್ಟ ಅಂಗಡಿಯವನು ತನ್ನದೇ ಇಮೇಲ್ ಹಾಕಿಬಿಟ್ಟಿದ್ದ, ಅವನು ಅಂಗಡಿ ಮುಚ್ಚಿ ಊರು ಬಿಟ್ಟು ಎರಡು ವರ್ಷ ಆಗಿತ್ತು. ಲೈಸೆನ್ಸ್ ಮತ್ತೆ ಚಾಲೂ ಮಾಡುವ ಅನ್‌ಲಾಕ್ ಕೀ ಹೋಗುವುದು ಆ ಇಮೇಲ್‌ಗೇ ಅಲ್ವಾ. ಲೈಸೆನ್ಸ್ ಇಲ್ಲದಿದ್ದರೆ ಟ್ಯಾಲಿ ಓಡುವುದು ಎಜುಕೇಷನಲ್ ಮೋಡ್‌ನಲ್ಲಿ, ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿನ ವೋಚರ್ ಬಿಟ್ಟರೆ ಬೇರೆ ಹಾಕಲು ಆಗುವುದಿಲ್ಲ. ನನ್ನ ಹತ್ತಿರ ಎಂಟ್ರಿ ಆಗಬೇಕಿದ್ದ ಬಿಲ್‌ಗಳ ಎರಡು ಕಟ್ಟು ಇತ್ತು. ಇಮೇಲ್ ಬದಲಾಯಿಸಿ ಎಲ್ಲ ಸರಿಹೋಗುವಷ್ಟರಲ್ಲಿ ಕೊನೇ ದಿನ ದಾಟಿತ್ತು, ಆರು ಜನರ ಲೇಟ್ ಫೀ, ದಿನಕ್ಕೆ 50 ರೂಪಾಯಿಯಂತೆ, ನಾನೇ ಕಟ್ಟಿದೆ. ದುಡ್ಡು ದೊಡ್ಡದಲ್ಲ. ಅಷ್ಟು ವರ್ಷ ನಂಬಿ ಪುಸ್ತಕ ಕೊಟ್ಟವರ ಮುಂದೆ ನಿಂತು ಹೇಳಬೇಕಾಯಿತಲ್ಲ, ಅದು ಇವತ್ತಿಗೂ ನೋವು.

ಆಗ ನನಗೆ ಅರ್ಥವಾಗಿದ್ದು, ಕೀ ಅಂದರೆ ಬರೀ 25 ಅಕ್ಷರ ಅಲ್ಲ. ಯಾವ ಇಮೇಲ್, ಯಾವ ಮೊಬೈಲ್ ನಂಬರ್, ಯಾವ ಬಿಲ್, ಯಾವ ವರ್ಷನ್, ಯಾವ ಕಂಪ್ಯೂಟರ್, ಇಷ್ಟೂ ಸೇರಿದರೆ ಮಾತ್ರ ಆ ಕೀ ಕೆಲಸಕ್ಕೆ ಬರುತ್ತದೆ. ಕೀಪಾಸ್‌ಎಕ್ಸ್‌ಸಿ ನನಗೆ ಹಿಡಿಸಿದ್ದು ಇದಕ್ಕೇ. ಒಂದೊಂದು ಸಾಫ್ಟ್‌ವೇರ್‌ಗೆ ಒಂದೊಂದು ಎಂಟ್ರಿ. ಕೀ ಪಾಸ್‌ವರ್ಡ್ ಜಾಗಕ್ಕೆ, ಇಮೇಲ್ ಯೂಸರ್‌ನೇಮ್ ಜಾಗಕ್ಕೆ. ಅಡ್ವಾನ್ಸ್ಡ್ ಅನ್ನೋ ಕಡೆ ನಮಗೆ ಬೇಕಾದ ಹೆಸರು ಕೊಟ್ಟು ಎಷ್ಟು ಸಾಲು ಬೇಕಾದರೂ ಸೇರಿಸಬಹುದು. ನಾನು ‘ಆರ್ಡರ್ ನಂಬರ್’, ‘ಕೊಂಡ ದಿನ’, ‘ಯಾವ ಸಿಸ್ಟಂ’ ಅಂತ ಕನ್ನಡದಲ್ಲೇ ಬರೆದಿದ್ದೇನೆ. ಬಿಲ್‌ನ ಪಿಡಿಎಫ್, ಡಬ್ಬಿ ಮೇಲಿನ ಸ್ಟಿಕರ್ ಫೋಟೋ ಎಲ್ಲ ಅದೇ ಎಂಟ್ರಿಗೆ ಅಂಟಿಸಬಹುದು. ಥರ್ಮಲ್ ಪೇಪರ್ ಬಿಲ್ ಇದ್ದರೆ ಇವತ್ತೇ ಫೋಟೋ ತೆಗೆಯಿರಿ, ಅದರ ಅಕ್ಷರ ತಾನಾಗೇ ಮಾಸಿ ಹೋಗುತ್ತದೆ.

ಎಲ್ಲ ಸೇರಿ ಒಂದೇ ಫೈಲ್. ಅದರ ಹೆಸರಿನ ಕೊನೆಯಲ್ಲಿ ಕೆಡಿಬಿಎಕ್ಸ್ ಅಂತ ಇರುತ್ತದೆ. 256 ಬಿಟ್ ಎಇಎಸ್ ಅನ್ನೋ ಗೂಢಲಿಪಿಯ ಬೀಗ, ಫೈಲ್ ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಇಲ್ಲದೆ ಯಾರಿಗೂ ಓದಲು ಆಗುವುದಿಲ್ಲ. ಅದಕ್ಕೇ ಆ ಫೈಲನ್ನು ಗೂಗಲ್ ಡ್ರೈವ್‌ನಲ್ಲಿ ಇಡಲು ನನಗೆ ಅಂಜಿಕೆ ಇಲ್ಲ. ಒಂದು ಪ್ರತಿ ಅಲ್ಲಿ, ಒಂದು ಫೋನಿನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ ಹಾಕಿ ಹಾಸನದ ಅಕ್ಕನ ಮನೆ ಬೀರುವಿನಲ್ಲಿ. ಫೋನಿನಲ್ಲಿ ಕೀಪಾಸ್‌ಡಿಎಕ್ಸ್ ಅನ್ನೋ ಬೇರೆ ಆ್ಯಪ್ ಇದೇ ಫೈಲನ್ನು ತೆರೆಯುತ್ತದೆ. ಎಲ್ಲ ಉಚಿತ, ಓಪನ್ ಸೋರ್ಸ್. ನಾಳೆ ಈ ಸಾಫ್ಟ್‌ವೇರೇ ನಿಂತುಹೋದರೂ ಈ ಫೈಲ್ ಓದುವ ಬೇರೆ ಸಾಫ್ಟ್‌ವೇರ್‌ಗಳಿವೆ. ನನಗೆ ಇದು ತುಂಬಾ ಮುಖ್ಯ.

ಎಲ್ಲ ಕೀಗಳನ್ನೂ ಹೀಗೆ ಹುಡುಕಿ ಇಡಬೇಕಾ ಅಂದರೆ, ಬೇಡ. ವಿಂಡೋಸ್ 8 ಬಂದ ಮೇಲೆ ದೊಡ್ಡ ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಕೀ ಮದರ್‌ಬೋರ್ಡ್‌ನಲ್ಲೇ ಇರುತ್ತದೆ, ಡಿಸ್ಕ್ ಹೋದರೂ ಅದು ಹೋಗುವುದಿಲ್ಲ. ಕಷ್ಟ ಇರುವುದು ಮೈಕ್ರೋಸಾಫ್ಟ್ ಆಫೀಸ್‌ನದು. 2013ರ ವರ್ಷನ್‌ನಿಂದ ಈಚೆಗೆ ಕಂಪ್ಯೂಟರ್‌ನಲ್ಲಿ ಕೀಯ ಕೊನೇ 5 ಅಕ್ಷರ ಮಾತ್ರ ಉಳಿಯುತ್ತದೆ, ಕೀ ಹುಡುಕಿಕೊಡುವ ಸಾಫ್ಟ್‌ವೇರ್‌ಗಳಿಗೂ ಪೂರ್ತಿ ಕೀ ಸಿಗುವುದಿಲ್ಲ. ಮುಂಚೆನೇ ಬರೆದಿಟ್ಟುಕೊಂಡಿದ್ದರೆ ಸರಿ. ನನ್ನ ಹತ್ತಿರ ಮೂರು ಸಿಸ್ಟಂಗೆ ಆಫೀಸ್ ಕೀ ಇರುವ ಮೂರು ಕಾರ್ಡ್ ಇವೆ, ಯಾವುದು ಯಾವುದರದು ಅಂತ ಗೊತ್ತಾಗಲು ಎಂಟ್ರಿ ಹೆಸರಿನಲ್ಲೇ ಆ ಕೊನೇ 5 ಅಕ್ಷರ ಸೇರಿಸಿದ್ದೇನೆ. ಇದೊಂದು ಸಣ್ಣ ಅಭ್ಯಾಸ, ತುಂಬಾ ಸಲ ಕೈ ಹಿಡಿದಿದೆ.

ಡಾಂಗಲ್, ಅಂದರೆ ಕಂಪ್ಯೂಟರ್‌ಗೆ ಚುಚ್ಚಿದರೆ ಮಾತ್ರ ಸಾಫ್ಟ್‌ವೇರ್ ಓಡುವ ಸಣ್ಣ ಲಾಕ್, ಇರುವ ಸಾಫ್ಟ್‌ವೇರ್‌ಗೆ ಇದರಿಂದ ಜಾಸ್ತಿ ಉಪಯೋಗ ಇಲ್ಲ. ಡಿಟಿಪಿಯವರಿಗೆ ಗೊತ್ತಿರುತ್ತದೆ, ಆ ಲಾಕ್ ಕಳೆದರೆ ಕಳೆದ ಹಾಗೇ. ಅದರ ನಂಬರ್, ಫೋಟೋ ಮಾತ್ರ ಇಟ್ಟಿದ್ದೇನೆ.

ಎರಡನೇ ಸಲ ಕೆಟ್ಟಿದ್ದು 2022ರಲ್ಲಿ. ಈ ಸಲ ಎಸ್‌ಎಸ್‌ಡಿ, ಅಂದರೆ ಒಳಗೆ ತಿರುಗುವ ಭಾಗ ಇಲ್ಲದ ಡಿಸ್ಕ್. ಸದ್ದಿಲ್ಲ, ಸುಳಿವಿಲ್ಲ, ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಕಂಪ್ಯೂಟರ್ ಶುರುವಾಗುವಾಗಿನ ಬಯೋಸ್ ಪರದೆಯಲ್ಲಿ ಅದರ ಹೆಸರೇ ಇರಲಿಲ್ಲ. ಹೊಸದು ತಂದು ವಿಂಡೋಸ್ ಹಾಕಿ, ಫೋನಿನಲ್ಲಿ ಫೈಲ್ ತೆರೆದು ಪಕ್ಕಕ್ಕಿಟ್ಟುಕೊಂಡೆ. ಟ್ಯಾಲಿಗೆ ಐಡಿ, ಪಾಸ್‌ವರ್ಡ್ ಕೊಟ್ಟು ರಿಆಕ್ಟಿವೇಟ್ ಮಾಡಿದೆ, ಅನ್‌ಲಾಕ್ ಕೀ ನನ್ನ ಇಮೇಲ್‌ಗೇ ಬಂತು. ರಾತ್ರಿ ಎಂಟಕ್ಕೆ ಎಲ್ಲ ಮೊದಲಿನಂತೆ ಓಡುತ್ತಿತ್ತು. ಅವತ್ತು ಒಬ್ಬ ಗಿರಾಕಿಗೂ ಫೋನ್ ಮಾಡಿ ‘ಸ್ವಲ್ಪ ತಡ ಆಗುತ್ತೆ ಅಣ್ಣಾ’ ಅನ್ನಬೇಕಾಗಲಿಲ್ಲ.

ಇನ್ನು ಕಿರಿಕಿರಿಗಳು. ಕಾಪಿ ಮಾಡಿದ್ದು 10 ಸೆಕೆಂಡಿಗೆ ಕ್ಲಿಪ್‌ಬೋರ್ಡ್‌ನಿಂದ ಅಳಿಸಿಹೋಗುತ್ತದೆ. ಪಾಸ್‌ವರ್ಡ್‌ಗೆ ಸರಿ, ಆದರೆ ಐದೈದು ಅಕ್ಷರದ ಐದು ಡಬ್ಬಿಗಳಿಗೆ ಕೀ ತುಂಬುವಾಗ ಸಾಕಾಗುವುದಿಲ್ಲ. ಸೆಟ್ಟಿಂಗ್ಸ್‌ನ ಸೆಕ್ಯುರಿಟಿಯಲ್ಲಿ 60 ಮಾಡಿಕೊಂಡೆ. ಲೈಸೆನ್ಸ್ ಕೀಗೆ ಅಂತಲೇ ಸಿದ್ಧ ನಮೂನೆ ಇಲ್ಲ, ಮೊದಲ ಎಂಟ್ರಿ ನಾವೇ ಮಾಡಿ ಆಮೇಲೆ ಅದನ್ನೇ ಕ್ಲೋನ್ ಮಾಡುತ್ತಾ ಹೋಗಬೇಕು. ದೊಡ್ಡ ಕೊರತೆ ಅಂದರೆ ಇದು ತಾನಾಗಿ ಎಲ್ಲ ಕಡೆ ಸಿಂಕ್ ಮಾಡುವುದಿಲ್ಲ. ಒಂದು ಸಲ ಅಂಗಡಿಯಲ್ಲೂ ಮನೆಯಲ್ಲೂ ಬೇರೆ ಬೇರೆ ಎಂಟ್ರಿ ಸೇರಿಸಿ ಎರಡು ಫೈಲ್ ಆಗಿಬಿಟ್ಟವು. ಡೇಟಾಬೇಸ್ ಮೆನುವಿನ ಮರ್ಜ್ ಎರಡನ್ನೂ ಸೇರಿಸಿಕೊಟ್ಟಿತು, ಏನೂ ಕಳೆಯಲಿಲ್ಲ, ಆದರೂ ಗಾಬರಿಯಾಗಿತ್ತು.

ಎಂಟ್ರಿ ಬದಲಾಯಿಸಿದರೂ ಹಳೇದನ್ನು ಉಳಿಸಿಡುವ ಹಿಸ್ಟರಿ ಬಗ್ಗೆ ಹೇಳಲೇಬೇಕು. ಒಂದು ಸಾಫ್ಟ್‌ವೇರ್ ಅಪ್‌ಗ್ರೇಡ್ ಕೊಂಡಾಗ ಹಳೇ ಸೀರಿಯಲ್ ಮೇಲೇ ಹೊಸದನ್ನು ಬರೆದೆ. ಆಮೇಲೆ ಅದು ಇನ್‌ಸ್ಟಾಲ್ ಆಗುವಾಗ ಹಳೇದನ್ನೇ ಕೇಳಿತು. ಎಂಟ್ರಿಯ ಹಿಸ್ಟರಿಯಲ್ಲಿ ಅದು ಹಾಗೇ ಇತ್ತು, ಒಂದು ನಿಮಿಷದಲ್ಲಿ ಸಿಕ್ಕಿತು.

ಮಾಸ್ಟರ್ ಪಾಸ್‌ವರ್ಡ್ ಮರೆತರೆ ಯಾರೂ ಬಂದು ತೆಗೆದುಕೊಡಲು ಆಗುವುದಿಲ್ಲ. ‘ಫರ್ಗಾಟ್ ಪಾಸ್‌ವರ್ಡ್’ ಬಟನ್ ಇಲ್ಲ. ಅದಕ್ಕೇ ಹಾಳೆಯಲ್ಲಿ ಬರೆದು ಕವರ್ ಅಂಟಿಸಿ ಮನೆಯ ಪತ್ರಗಳ ಜೊತೆ ಇಟ್ಟಿದ್ದೇನೆ. ಪೆನ್‌ಡ್ರೈವ್ ಇರುವ ಬೀರುವಿನಲ್ಲಿ ಮಾತ್ರ ಇಡಬೇಡಿ, ಎರಡೂ ಒಟ್ಟಿಗೆ ಯಾರ ಕೈಗಾದರೂ ಸಿಕ್ಕರೆ ಬೀಗ ಹಾಕಿದ್ದೇ ವ್ಯರ್ಥ. ಇದನ್ನು ಮಾಡಲು ಮನಸ್ಸಿಲ್ಲದವರು ಈ ಸಾಫ್ಟ್‌ವೇರ್ ಬಳಸಬೇಡಿ ಅಂತಲೇ ನಾನು ಹೇಳುತ್ತೇನೆ. ಉಳಿದವರಿಗೆ, ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಕಳೆದಿದ್ದು ಸಿಂಕ್‌ಗೆ.

ಪ್ರತಿ ವರ್ಷ ಆಯುಧ ಪೂಜೆಗೆ ಕಂಪ್ಯೂಟರ್‌ಗಳನ್ನು ಒರೆಸಿ ಕುಂಕುಮ ಇಡುತ್ತೇವಲ್ಲ, ಅದರ ಹಿಂದಿನ ದಿನ ಹಾಸನದ ಪೆನ್‌ಡ್ರೈವ್ ತರಿಸಿ, ಫೈಲ್ ತೆರೆಯುತ್ತದಾ ನೋಡಿ, ಹೊಸ ಪ್ರತಿ ಹಾಕಿ ವಾಪಸ್ ಕಳಿಸುತ್ತೇನೆ. ಕಳೆದ ಸಲ ಆ ಕೆಲಸ ಮಗಳಿಗೆ ಕೊಟ್ಟೆ. ಕವರ್ ಒಡೆದು ಹಾಳೆ ನೋಡಿ ಟೈಪ್ ಮಾಡಿದಳು, ತೆರೆಯಲಿಲ್ಲ. ನಾನು ಬಾಯಿ ಬಿಡದೆ ಪಕ್ಕದಲ್ಲೇ ಕೂತಿದ್ದೆ. ಐದನೇ ಸಲಕ್ಕೆ ಅವಳೇ ಕಂಡುಹಿಡಿದಳು: ನಾನು ಬರೆದಿದ್ದ ಸೊನ್ನೆ ಅವಳಿಗೆ ಇಂಗ್ಲಿಷ್ ‘ಓ’ ಥರ ಕಂಡಿತ್ತು. ಈಗ ಹಾಳೆಯಲ್ಲಿ ಸೊನ್ನೆಯ ಕೆಳಗೆ ‘ಅಂಕಿ’ ಅಂತ ಅವಳ ಕೈಬರಹದಲ್ಲಿದೆ.