ನಮ್ಮ ಇಂಗ್ಲಿಷ್ ವಿಭಾಗದ ಗುರುವಾರದ ಓದು

ಎಂ.ಎ. ಇಂಗ್ಲಿಷ್‌ಗೆ ಅರ್ಜಿ ಹಾಕುವವರು ನನ್ನನ್ನು ಕೇಳುವುದು ಎರಡೇ: ಪಾಠ ಹೇಗೆ ಮಾಡುತ್ತಾರೆ, ಹಾಸ್ಟೆಲ್ ಸಿಗುತ್ತಾ. ಪಾಠ ಮುಗಿದ ಮೇಲೆ ವಿಭಾಗದಲ್ಲಿ ಏನು ನಡೆಯುತ್ತದೆ ಎಂದು ಯಾರೂ ಕೇಳುವುದಿಲ್ಲ. ನನಗೆ ಹೆಚ್ಚು ದಕ್ಕಿದ್ದು ಅಲ್ಲೇ ಆದ್ದರಿಂದ ಅದರ ಬಗ್ಗೆಯೇ ಬರೆಯುತ್ತಿದ್ದೇನೆ. ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ, ಕೆಲವು ದೂರುಗಳೂ ಇವೆ.

ಮೊದಲು ಗುರುವಾರದ ಓದು. ಮಧ್ಯಾಹ್ನ ಮೂರೂವರೆಗೆ ವಿಭಾಗದ ಲೈಬ್ರರಿಯ ಉದ್ದ ಟೇಬಲ್ ಸುತ್ತ ಸೇರುತ್ತೇವೆ. ಒಬ್ಬರು ಒಂದು ಕವಿತೆಯನ್ನೋ ಕಥೆಯ ಒಂದು ಪುಟವನ್ನೋ ಜೆರಾಕ್ಸ್ ಮಾಡಿಸಿ ತಂದು ಎಲ್ಲರಿಗೂ ಹಂಚಿ, ಗಟ್ಟಿಯಾಗಿ ಓದುತ್ತಾರೆ. ಮೈಕಿಲ್ಲ, ಮುಖ್ಯ ಅತಿಥಿ ಇಲ್ಲ. ಮೇಡಂ ನಮ್ಮ ನಡುವೆಯೇ ಕೂತು, ಎಲ್ಲರ ಮಾತೂ ಮುಗಿದ ಮೇಲೆ ಮಾತಾಡುತ್ತಾರೆ. ಈ ಒಂದು ಕ್ರಮಕ್ಕೇ ಪೂರ್ತಿ ಅಂಕ ಕೊಡುತ್ತೇನೆ. ಮೇಷ್ಟ್ರು ಮೊದಲೇ ಮಾತಾಡಿಬಿಟ್ಟರೆ ಆಮೇಲೆ ನಮ್ಮಲ್ಲಿ ಯಾರು ಬಾಯಿ ಬಿಡುತ್ತಾರೆ?

ಒಂದು ಗುರುವಾರ ಸೀನಿಯರ್ ಒಬ್ಬರು ಇಂಗ್ಲೆಂಡಿನ ಪಾದ್ರಿ ನ್ಯೂಮನ್‌ನ 'ಲೀಡ್, ಕೈಂಡ್ಲಿ ಲೈಟ್' ಎಂಬ ಪ್ರಾರ್ಥನಾಗೀತೆ ತಂದಿದ್ದರು. 1833ರಲ್ಲಿ ಇಟಲಿಯಿಂದ ಊರಿಗೆ ಮರಳುವಾಗ, ಗಾಳಿಯಿಲ್ಲದೆ ಹಡಗು ನಡುನೀರಲ್ಲಿ ನಿಂತಿದ್ದಾಗ ಅವನು ಬರೆದದ್ದು. ಓದಿ ಮುಗಿಯುವಷ್ಟರಲ್ಲಿ ನಮ್ಮ ಬ್ಯಾಚಿನ ಹುಡುಗಿಯೊಬ್ಬಳು, 'ಇದು ನಮ್ಮ ಸ್ಕೂಲ್ ಪ್ರೇಯರ್ ಅಲ್ವಾ ಅಕ್ಕ?' ಅಂದಳು. ಹೌದು, 'ಕರುಣಾಳು ಬಾ ಬೆಳಕೆ'. ಕನ್ನಡ ಮಾಧ್ಯಮದಿಂದ ಬಂದವಳು, ಅಲ್ಲಿಯವರೆಗೆ ಕ್ಲಾಸಿನಲ್ಲಿ ತುಟಿ ಬಿಚ್ಚಿದವಳಲ್ಲ. ಅವಳೇ ಹಾಡಲು ಶುರು ಮಾಡಿದಳು, ಅರ್ಧ ಟೇಬಲ್ ದನಿಗೂಡಿಸಿತು. ಆಮೇಲೆ ತಾನು ಹಾಸ್ಟೆಲ್ಲಿಗೆ ಬಂದ ಹೊಸತರ ದಿನಗಳನ್ನು ಆ ಹಡಗಿಗೆ ಜೋಡಿಸಿ, ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ ಮಾತಾಡಿದಳು. ಯಾರೂ ತಿದ್ದಲಿಲ್ಲ. ಈಗ ವಿಭಾಗದ ಭಿತ್ತಿಪತ್ರಿಕೆಯ ಸಂಪಾದಕಿ ಅವಳೇ.

ಆ ಹಾಡನ್ನು ಕನ್ನಡಕ್ಕೆ ತಂದ ಬಿ.ಎಂ.ಶ್ರೀ ಮೈಸೂರಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಅವರ 'ಇಂಗ್ಲಿಷ್ ಗೀತಗಳು' ಬಂದದ್ದು 1926ರಲ್ಲಿ. ಅಡಿಗರು ಇಂಗ್ಲಿಷ್ ಮೇಷ್ಟ್ರು. ಜ್ಞಾನಪೀಠ ಪಡೆದ ಗೋಕಾಕರೂ ಅನಂತಮೂರ್ತಿಯವರೂ ಇಂಗ್ಲಿಷ್ ಪ್ರಾಧ್ಯಾಪಕರು. ಸಿ.ಡಿ. ನರಸಿಂಹಯ್ಯನವರು ಮೈಸೂರು ವಿಶ್ವವಿದ್ಯಾಲಯದ ಕೆಲಸದ ನಂತರ 1979ರಲ್ಲಿ ಧ್ವನ್ಯಾಲೋಕ ಎಂಬ ಸಾಹಿತ್ಯ ಅಧ್ಯಯನ ಕೇಂದ್ರವನ್ನೇ ಮೈಸೂರಿನಲ್ಲಿ ಕಟ್ಟಿದರು. ಇಂಗ್ಲಿಷ್ ವಿಭಾಗದಲ್ಲಿ ಕನ್ನಡ ಯಾಕೆ ಎಂದು ಮೂಗು ಮುರಿಯುವವರು ನಮ್ಮಲ್ಲೂ ಇದ್ದಾರೆ. ಅವರಿಗೆ ಈ ಹೆಸರುಗಳನ್ನು ಹೇಳಬೇಕು.

ಇನ್ನು ದೊಡ್ಡ ಕಾರ್ಯಕ್ರಮಗಳು. ಇಲ್ಲಿ ನನ್ನ ಅಸಮಾಧಾನ ದೊಡ್ಡದು. ವಿಶೇಷ ಉಪನ್ಯಾಸ ಹತ್ತೂವರೆಗೆ ಎಂದು ಆಹ್ವಾನ ಪತ್ರಿಕೆಯಲ್ಲಿ ಇರುತ್ತದೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಏಲಕ್ಕಿ ಮಾಲೆ, ಅಧ್ಯಕ್ಷರ ಹಿತವಚನ ಎಲ್ಲಾ ಮುಗಿದು ಉಪನ್ಯಾಸಕರು ಎದ್ದು ನಿಲ್ಲುವಾಗ ಊಟದ ಹೊತ್ತು ಹತ್ತಿರವಾಗಿರುತ್ತದೆ. ಪ್ರಶ್ನೋತ್ತರವನ್ನು 'ಸಮಯದ ಅಭಾವದಿಂದ' ಕೈಬಿಡುತ್ತಾರೆ. ದೂರದಿಂದ ಬಸ್ಸು ಹಿಡಿದು ಬಂದ ಕವಿಯೊಬ್ಬರ ಎದುರು ನಾವು ಒಂದೇ ಒಂದು ಪ್ರಶ್ನೆ ಕೇಳದೆ ಎದ್ದುಬಂದದ್ದು ನನಗೆ ಇವತ್ತಿಗೂ ನೋವು. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲಿಗೆ ಫೋಟೊ ಬೇಕು, ಒಪ್ಪುತ್ತೇನೆ. ಬ್ಯಾನರ್ ಮುಂದೆ ಐದು ನಿಮಿಷ ನಿಂತರೆ ಫೋಟೊ ಆಗುತ್ತದೆ. ಉಳಿದ ಹೊತ್ತನ್ನು ವಿದ್ಯಾರ್ಥಿಗಳಿಗೆ ಬಿಡಿ.

ವಾರ್ಷಿಕೋತ್ಸವದ ನಾಟಕ ಚೆನ್ನಾಗಿರುತ್ತದೆ, ತಾಲೀಮು ಇನ್ನೂ ಚೆನ್ನ. ಜೂಲಿಯಸ್ ಸೀಸರ್‌ನ ಶವದ ಮುಂದೆ ಆಂಟನಿ ಮಾತಾಡುವ ದೃಶ್ಯಕ್ಕೆ ಬಿ.ಎ. ಹುಡುಗರನ್ನೂ ಆಫೀಸಿನ ಅಟೆಂಡರಣ್ಣನನ್ನೂ ಜನರ ಗುಂಪಿಗೆ ಹಾಕಿದ್ದೆವು. ಅವರ ಕೂಗಿಗೆ ಆಂಟನಿಯ ಹುಡುಗನ ಮಾತೇ ಬದಲಾಗಿ ಹೋಯಿತು. ಹೆಚ್ಚು ಹೊತ್ತು ತಡೆದು ನಿಲ್ಲುವುದನ್ನು ಅಲ್ಲೇ ಕಲಿತ. ತಿಂಡಿ ಪುಳಿಯೋಗರೆ, ಕಾಫಿ, ಎರಡೂ ಪರವಾಗಿಲ್ಲ.

ಸೇರುವವರು ಮೊದಲ ಸೆಮಿಸ್ಟರಿನಿಂದಲೇ ಗುರುವಾರಕ್ಕೆ ಬನ್ನಿ. ಶುಲ್ಕವಿಲ್ಲ, ಹಾಜರಾತಿಯಿಲ್ಲ, ಸರ್ಟಿಫಿಕೇಟೂ ಇಲ್ಲ. ಹೊರಗಿನವರಿಗೂ ಬಾಗಿಲು ತೆರೆದಿದೆ, ಹೈಸ್ಕೂಲ್ ಮೇಷ್ಟ್ರೊಬ್ಬರು ತಪ್ಪದೆ ಬರುತ್ತಾರೆ. ಪರೀಕ್ಷೆಯ ತಿಂಗಳಲ್ಲಿ ಮಾತ್ರ ನಡೆಯುವುದಿಲ್ಲ, ನೋಟಿಸ್ ಬೋರ್ಡ್ ನೋಡಿಕೊಂಡು ಬನ್ನಿ.