ಡಿಸೈನರ್ ಕೆಲಸಕ್ಕೆ 'ಟೆಸ್ಟ್' ಎಂದು ಓಪನ್ ಫೈಲ್ ಕೇಳಿದರೆ ಕಳಿಸುವ ಮೊದಲು ಇದನ್ನು ಓದಿ

ಮೊನ್ನೆ ಬುಧವಾರ ರಾತ್ರಿ ನಮ್ಮ ಜಿಲ್ಲೆಯ ಉದ್ಯೋಗದ ವಾಟ್ಸಾಪ್ ಗ್ರೂಪಿನಲ್ಲಿ ಮತ್ತೆ ಅದೇ ಜಾಹೀರಾತು ಬಂತು. 'ಕಾರವಾರದ ಡಿಜಿಟಲ್ ಕ್ರಿಯೇಟಿವ್ ಏಜೆನ್ಸಿಗೆ ಗ್ರಾಫಿಕ್ ಡಿಸೈನರ್ ಬೇಕಾಗಿದ್ದಾರೆ. ಕನ್ನಡ ಅಕ್ಷರ ವಿನ್ಯಾಸ ಬಲ್ಲವರಿಗೆ ಆದ್ಯತೆ. ಸಂಬಳ 25,000ದವರೆಗೆ.' ಒಂದಕ್ಷರವೂ ಬದಲಾಗಿಲ್ಲ. ಒಂದೂವರೆ ವರ್ಷದ ಹಿಂದೆ ಇದನ್ನೇ ಓದಿ ನಾನು ಶಿರಸಿಯಿಂದ ಘಟ್ಟ ಇಳಿದು ಹೋಗಿದ್ದೆ. ಅರ್ಧ ಗಂಟೆಯೊಳಗೆ ಅದರ ಕೆಳಗೆ ಏಳೆಂಟು ಮಂದಿ 'ಇಂಟರೆಸ್ಟೆಡ್ ಸರ್' ಎಂದು ಹಾಕಿದ್ದನ್ನು ಕಂಡು ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಏಜೆನ್ಸಿಯ ಹೆಸರು ಹಾಕಬೇಡ ಎಂದು ವಕೀಲರು ಹೇಳಿದ್ದಾರೆ, ಹಾಕುವುದಿಲ್ಲ. ಅವರು ಕೆಲಸ ಮಾಡಿಸಿಕೊಂಡ ರೀತಿಯನ್ನಷ್ಟೇ ಇದ್ದದ್ದು ಇದ್ದಹಾಗೆ ಹೇಳುತ್ತೇನೆ.

ನಾನು ಶಿರಸಿಯ ಒಂದು ಪ್ರೆಸ್ಸಿನಲ್ಲಿ ಐದು ವರ್ಷ ಡಿಟಿಪಿ ಮಾಡಿದವಳು. ಮದುವೆ ಕಾಗದ, ಉಪನಯನದ ಕಾಗದ, ಸೊಸೈಟಿಗಳ ವಾರ್ಷಿಕ ವರದಿ, ಯಕ್ಷಗಾನದ ಹ್ಯಾಂಡ್‌ಬಿಲ್. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದರೆ ರಾತ್ರಿ ಹನ್ನೊಂದಾದರೂ ಬ್ಯಾನರ್ ಮುಗಿಯುತ್ತಿರಲಿಲ್ಲ. ಸಂಬಳ 14,000. ಯಜಮಾನರು ಒಳ್ಳೆಯವರು, ಕೆಲಸದ ಬಗ್ಗೆ ದೂರಿಲ್ಲ. ಆದರೆ ಎಷ್ಟು ದಿನ ಬೇರೆಯವರು ಕೊಟ್ಟ ಗಣಪತಿಯನ್ನು ಎಡಕ್ಕೆ ಸರಿಸು, ಬಲಕ್ಕೆ ಸರಿಸು ಎಂದು ಕೂರುವುದು? ಮನೆಯಲ್ಲಿ ರಾತ್ರಿ ಕೂತು ಲೋಗೊ ಮಾಡುವುದನ್ನು, ಕೈಯಲ್ಲಿ ಅಕ್ಷರ ಬರೆದು ಇಲಸ್ಟ್ರೇಟರ್‌ಗೆ ತರುವುದನ್ನು ಕಲಿತಿದ್ದೆ. ಡಿಸೈನರ್ ಅನ್ನಿಸಿಕೊಳ್ಳಬೇಕು ಎಂಬ ಆಸೆ ಬಹಳ ಇತ್ತು. ಅವರಿಗೆ ಸಿಕ್ಕಿದ್ದು ನನ್ನ ಆ ಆಸೆ.

ಇಂಟರ್‌ವ್ಯೂ ಚೆನ್ನಾಗಿಯೇ ಆಯಿತು. ಕಾಫಿ ಕೊಟ್ಟರು, ಮೇಡಂ ಅಂದರು. ನನ್ನ ಕೆಲಸ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಒಂದೇ ಪ್ರಶ್ನೆ ಕೇಳಿದರು: ಫೋಟೊಶಾಪ್‌ನಲ್ಲಿ ಕನ್ನಡ ಯಾಕೆ ಒಡೆಯುತ್ತದೆ? ಅವರ ಕಂಪ್ಯೂಟರಿನಲ್ಲಿ 'ಸ್ವಾಗತ' ಎಂದು ಪೇಸ್ಟ್ ಮಾಡಿದರೆ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ನಾನು ಕುರ್ಚಿ ಎಳೆದುಕೊಂಡು ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಟೆಕ್ಸ್ಟ್ ಇಂಜಿನ್ ಬದಲಿಸಿ, ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ವರ್ಲ್ಡ್-ರೆಡಿ ಆರಿಸಿ ಸರಿಮಾಡಿ ತೋರಿಸಿದೆ. 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಇನ್‌ಸ್ಟಾಗ್ರಾಮಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಯಾಕೆ ಬರುತ್ತದೆ, ಎಲ್ಲ ಕಡೆ ಓದಲು ಬರುವ ಯೂನಿಕೋಡಿಗೆ ಹೇಗೆ ತರಬೇಕು ಎಂಬುದನ್ನೂ ಹೇಳಿದೆ. ಅಷ್ಟು ಜನರಲ್ಲಿ ಕನ್ನಡ ಕೂರಿಸಲು ಬರುವವರು ಒಬ್ಬರೂ ಇರಲಿಲ್ಲ. ಇವರಿಗೆ ನಾನು ಬೇಕೇಬೇಕು, ಕೆಲಸ ಸಿಕ್ಕ ಹಾಗೇ ಎಂದು ಬಸ್ಸಿನಲ್ಲಿ ಇಡೀ ದಾರಿ ಅಂದುಕೊಂಡು ಬಂದೆ.

ಮಾರನೇ ದಿನ ಟೆಸ್ಟ್ ಬಂತು. ಗೋಕರ್ಣದ ಹತ್ತಿರದ ಒಂದು ಹೋಮ್‌ಸ್ಟೇಗೆ ಲೋಗೊ, ಬೋರ್ಡು, ಹತ್ತು ಇನ್‌ಸ್ಟಾಗ್ರಾಮ್ ಪೋಸ್ಟು, ಕನ್ನಡ-ಇಂಗ್ಲಿಷ್ ಎರಡರಲ್ಲೂ ಮೆನು ಕಾರ್ಡು. ಮೂರು ದಿನ ಗಡುವು. ಆ ಪಿಡಿಎಫ್ ಇವತ್ತೂ ನನ್ನ ಹತ್ತಿರ ಇದೆ, ಈಗ ತೆರೆದರೆ ಪ್ರತಿ ಸಾಲೂ ಕಣ್ಣಿಗೆ ಚುಚ್ಚುತ್ತದೆ. ಹೋಮ್‌ಸ್ಟೇಯ ನಿಜವಾದ ಫೋನ್ ನಂಬರ್ ಇತ್ತು. ರೂಮಿನ ದರ ಇತ್ತು. ಮೆನುವಿನಲ್ಲಿ ಪತ್ರೊಡೆಗೆ ಎಷ್ಟು, ಅಪ್ಪೆಹುಳಿಗೆ ಎಷ್ಟು ಎಂದು ರೂಪಾಯಿ ಸಮೇತ ಇತ್ತು. ಬೋರ್ಡಿನ ಅಳತೆ ಆರಡಿಗೆ ನಾಲ್ಕಡಿ ಎಂದಿತ್ತು. ಪರೀಕ್ಷೆಗೆ ಕೊಟ್ಟ ಕೆಲಸವಾದರೆ ಬೋರ್ಡಿನ ಅಳತೆ ಯಾರಿಗೆ ಬೇಕು? ಕೊನೆಯ ಸಾಲು: 'ಓಪನ್ ಫೈಲ್‌ಗಳನ್ನು ಫಾಂಟ್ ಸಮೇತ ಡ್ರೈವ್‌ಗೆ ಹಾಕಿ ಲಿಂಕ್ ಕಳಿಸಿ.' ಓಪನ್ ಫೈಲ್ ಅಂದರೆ ತೆರೆದು ಹೇಗೆ ಬೇಕಾದರೂ ತಿದ್ದಬಹುದಾದ ಮೂಲ ಫೈಲು.

ಪ್ರೆಸ್ ಮುಗಿಸಿ ಬಂದು ರಾತ್ರಿ ಎಂಟಕ್ಕೆ ಕೂತರೆ ಏಳುವಾಗ ಒಂದು ಗಂಟೆ. ಎರಡನೇ ರಾತ್ರಿ ಆಯಿ ಕಷಾಯ ತಂದಿಟ್ಟವಳು ಪರದೆಯ ಕಡೆ ಸ್ವಲ್ಪ ಹೊತ್ತು ನೋಡಿ, "ಇನ್ನೂ ಸೇರಿದ್ದೇ ಇಲ್ಲೆ, ಆಗಲೇ ಇಷ್ಟು ಕೆಲಸವನೆ?" ಅಂದಳು. ಡಿಸೈನ್ ಅಂದರೆ ಏನೆಂದು ಗೊತ್ತಿಲ್ಲದ ಆಯಿಗೆ ಮೊದಲೇ ಕಂಡದ್ದು ನನಗೆ ಕಾಣಲಿಲ್ಲ. ಹೀಗೇ ಇರುತ್ತದೆ ಆಯಿ, ದೊಡ್ಡ ಏಜೆನ್ಸಿ ಎಂದುಬಿಟ್ಟೆ.

ಬೋರ್ಡಿನ ಕೆಳಗೆ 'ಗೋಕರ್ಣ' ಎಂದು ಬರೆಯಬೇಕಿತ್ತು. ಫಾಂಟ್ ಹಾಕದೆ ನಾನೇ ಕೈಯಲ್ಲಿ ಬರೆದೆ. 'ರ್ಣ'ದ ಅರ್ಕಾವೊತ್ತನ್ನು ಮೀನಿನ ಗಾಳದ ಹಾಗೆ ಬಾಗಿಸಿ, ಅದರ ತುದಿ ಮೇಲಿನ ಲೋಗೊದ ಅಲೆಗೆ ಹೋಗಿ ಮುಟ್ಟುವಂತೆ ಮಾಡಿದೆ. ಆ ಒಂದು ಒತ್ತಿಗೆ ಎರಡು ಗಂಟೆ ಹಿಡಿಯಿತು. ಬಾಗಿನ ಒಳಭಾಗದಲ್ಲಿ ಒಂದು ಆಂಕರ್ ಪಾಯಿಂಟ್ (ಗೆರೆಯ ಬಾಗನ್ನು ಹಿಡಿದಿಡುವ ಚುಕ್ಕೆ) ಹೆಚ್ಚಾಗಿ ಉಳಿದು ಗೆರೆ ಅಲ್ಲಿ ಸಣ್ಣಗೆ ಮುರಿದಿತ್ತು. ಕಂಡಿತ್ತು, ಆದರೆ ಗಡುವು ಮುಗಿಯುತ್ತಾ ಬಂದಿತ್ತು. ಕೆಲಸ ಸಿಕ್ಕ ಮೇಲೆ ತಿದ್ದಿದರಾಯಿತು ಎಂದು ಕಳಿಸಿದೆ. ಓಪನ್ ಫೈಲ್, ಫಾಂಟ್ ಎಲ್ಲ.

ಎರಡು ದಿನದಲ್ಲಿ ಫೋನ್ ಬಂತು: ಸೆಲೆಕ್ಟ್ ಆಗಿದ್ದೀರಿ. ಸಂಬಳ ಮೊದಲ ಆರು ತಿಂಗಳು 18,000. ಅಪಾಯಿಂಟ್‌ಮೆಂಟ್ ಲೆಟರ್ ಮೂರು ತಿಂಗಳ ಮೇಲೆ. ಡಿಗ್ರಿಯ ಮೂಲ ಅಂಕಪಟ್ಟಿ ಆಫೀಸಿನಲ್ಲಿ ಇಡಬೇಕು. ಎಲ್ಲದಕ್ಕೂ ಹೂಂ ಅಂದೆ. ಪ್ರೆಸ್ ಬಿಟ್ಟೆ. ಕಾಜುಬಾಗದಲ್ಲಿ ಪಿಜಿ ಹಿಡಿದೆ. ಯಜಮಾನರಿಗೆ ಟೆಸ್ಟಿನ ವಿಷಯ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಓಪನ್ ಫೈಲನ್ನೂ ಕೊಟ್ಟುಬಿಟ್ಯನೆ ತಂಗಿ?" ಅಂದರು, ಅಷ್ಟೇ. ನಮ್ಮ ಪ್ರೆಸ್ಸಿನಲ್ಲಿ ದುಡ್ಡು ಕೈಗೆ ಬಾರದೆ ಮದುವೆ ಕಾಗದದ ಓಪನ್ ಫೈಲ್ ಕೂಡ ಹೊರಗೆ ಹೋಗುತ್ತಿರಲಿಲ್ಲ. ಐದು ವರ್ಷ ಆ ಶಿಸ್ತಿನಲ್ಲಿ ಇದ್ದವಳು ನಾನು.

ಕಾರವಾರದಲ್ಲಿ ಇದ್ದದ್ದು 41 ದಿನ. ಸೇರಿದ ವಾರದಲ್ಲೇ ಹೋಮ್‌ಸ್ಟೇ ಲೋಗೊ ತಿದ್ದಿ ಕೊಡುತ್ತೇನೆ ಅಂದಾಗ, 'ಆ ಕ್ಲೈಂಟ್ ಕೈಬಿಟ್ಟರು, ಅದು ಮುಗಿದ ಕಥೆ' ಅಂದರು. ಉಳಿದ ದಿನವೆಲ್ಲ ಬೇರೆಯವರ ಪೋಸ್ಟುಗಳಲ್ಲಿ ಕನ್ನಡ ಸರಿಮಾಡುವುದೇ ನನ್ನ ಕೆಲಸವಾಯಿತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೇಳಬೇಕಾದ್ದು ಒಂದು ದಿನದ ಸಂಗತಿ, ಅದು ಹೇಳಲು ನನಗೆ ಕಷ್ಟ.

ಹೊನ್ನಾವರ ಕಡೆಯ ಒಬ್ಬ ಹುಡುಗ ಇಂಟರ್‌ವ್ಯೂಗೆ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ತನ್ನ ಚಿತ್ರಗಳ ಫೈಲು. ನಾನೇ ಅವನಿಗೆ ನೀರು ಕೊಟ್ಟೆ. ನಾಲ್ಕು ದಿನ ಬಿಟ್ಟು ಬಾಸ್ ನನಗೊಂದು ಡ್ರೈವ್ ಲಿಂಕ್ ಕಳಿಸಿ, 'ಸ್ವಲ್ಪ ಫಿನಿಶಿಂಗ್ ಮಾಡಿ, ಸಂಜೆ ಕ್ಲೈಂಟಿಗೆ ಹೋಗಬೇಕು' ಅಂದರು. ಅಂಕೋಲೆಯ ಕರಿ ಇಶಾಡ ಮಾವಿನ ತಿರುಳಿನ ಡಬ್ಬಿಗೆ ಲೇಬಲ್. ಆ ಮಾವಿಗೆ 2023ರಲ್ಲಿ ಜಿಐ ಟ್ಯಾಗ್ (ಆ ಪ್ರದೇಶದ್ದೇ ಬೆಳೆ ಎಂಬ ಭೌಗೋಳಿಕ ಗುರುತು) ಸಿಕ್ಕಿದೆಯಲ್ಲ, ಅದನ್ನು ದೊಡ್ಡದಾಗಿ ಹಾಕಬೇಕು ಎಂದು ಕ್ಲೈಂಟ್ ಹೇಳಿದ್ದು ನನಗೆ ಗೊತ್ತಿತ್ತು, ಏಕೆಂದರೆ ಹಿಂದಿನ ವಾರ ನನ್ನ ಬಾಕಿ ಕೆಲಸದ ಪಟ್ಟಿಯಲ್ಲಿ ಅದೇ ಕೆಲಸ ಇತ್ತು, ಆಮೇಲೆ ಮಾಯವಾಗಿತ್ತು. ಲೇಬಲ್ ಚೆಂದ ಇತ್ತು. ಹಣ್ಣಿನ ತೊಟ್ಟಿನ ಹತ್ತಿರದ ಕಪ್ಪು-ಹಸಿರನ್ನು ಅವನು ಜಲವರ್ಣದಲ್ಲಿ ಬಿಡಿಸಿ ಸ್ಕ್ಯಾನ್ ಮಾಡಿದ್ದ. ಫೈಲಿನ ಹೆಸರಿನಲ್ಲಿ ಆ ಹುಡುಗನ ಹೆಸರಿತ್ತು, ಪಕ್ಕದಲ್ಲಿ 'ಟೆಸ್ಟ್' ಎಂದಿತ್ತು. ಅದನ್ನು ಅಳಿಸಿ ಕ್ಲೈಂಟಿನ ಹೆಸರು ಹಾಕಿ ಸೇವ್ ಮಾಡಿದವಳು ನಾನು. ಎರಡು ಕಡೆ ಒತ್ತಕ್ಷರ ಸರಿಮಾಡಿ ಕಳಿಸಿಯೂ ಕೊಟ್ಟೆ.

ಅವನನ್ನು ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. 'ಸ್ಟ್ಯಾಂಡರ್ಡ್ ಸಾಕಾಗಲಿಲ್ಲ' ಎಂದು ಉತ್ತರ ಹೋಯಿತು. ಅದೇ ಫೋಲ್ಡರಿನಲ್ಲಿ ಅವನ ರೆಸ್ಯೂಮ್ ಇತ್ತು. ನಂಬರನ್ನು ನನ್ನ ಡೈರಿಯ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡೆ. ಫೋನ್ ಮಾಡುವ ಧೈರ್ಯ ಆಗ ಬರಲಿಲ್ಲ.

ತಿಂಗಳ ಸಂಬಳ ಕೇಳಿದರೆ 'ಮೊದಲ ತಿಂಗಳದ್ದು ಹೋಲ್ಡ್‌ನಲ್ಲಿ ಇರುತ್ತದೆ' ಅಂದರು. 41ನೇ ದಿನ ಕರೆದು, ಬಜೆಟ್ ಇಲ್ಲ, ನಾಳೆಯಿಂದ ಬರಬೇಡಿ ಅಂದರು. ಅಂಕಪಟ್ಟಿ ಕೇಳಿದೆ, ಅಕೌಂಟ್ಸ್‌ನವರು ರಜೆ, ಕೊರಿಯರ್ ಮಾಡುತ್ತೇವೆ ಅಂದರು. ಎರಡು ಚೀಲ ಹಿಡಿದು ಕುಮಟಾ ಬಸ್ಸು ಹತ್ತಿದೆ. ಮಾದನಗೇರಿ ಕ್ರಾಸಿನಲ್ಲಿ ಬಸ್ಸು ನಿಂತಾಗ ಕಿಟಕಿಯ ಆಚೆ ಒಂದು ಹೊಸ ಬೋರ್ಡು. ಮೊದಲು ಬಣ್ಣ ಕಂಡಿತು, ಆಮೇಲೆ ಅಲೆ, ಆಮೇಲೆ ಗಾಳ. ಆರಡಿ ಬೋರ್ಡಿನಲ್ಲಿ ಗಾಳದ ಒಳಬಾಗಿನಲ್ಲಿ ಗೆರೆ ಮುರಿದದ್ದು ರಸ್ತೆಯ ಈಚೆಯಿಂದಲೇ ಕಾಣುತ್ತಿತ್ತು. ನಾನು ತಿದ್ದದೆ ಬಿಟ್ಟ ಅದೇ ಪಾಯಿಂಟು. ಎದೆ ಧಸಕ್ಕೆಂದಿತು. ನಡುಗುವ ಕೈಯಲ್ಲೇ ಫೋಟೊ ತೆಗೆದೆ.

ಬೋರ್ಡಿನ ಮೇಲೆ ನಂಬರ್ ಇತ್ತಲ್ಲ, ಮಾರನೇ ದಿನ ಹೋಮ್‌ಸ್ಟೇಯವರಿಗೆ ಫೋನ್ ಮಾಡಿದೆ. ಜಗಳಕ್ಕೇ ಸಿದ್ಧಳಾಗಿದ್ದೆ, ಆದರೆ ಅವರು ಸಮಾಧಾನದಿಂದ ಕೇಳಿದರು. ಕ್ಲೈಂಟ್ ಕೈಬಿಟ್ಟದ್ದೆಲ್ಲ ಸುಳ್ಳು. ಈ ಕೆಲಸಕ್ಕೆ ಅವರು ಏಜೆನ್ಸಿಗೆ 48,000 ಕೊಟ್ಟಿದ್ದರು. ಬಿಲ್ಲಿನ ಪ್ರತಿಯನ್ನೂ ಕಳಿಸಿದರು. ಬಿಲ್ಲಿನ ತಾರೀಖು ನಾನು ಕೆಲಸಕ್ಕೆ ಸೇರುವುದಕ್ಕಿಂತ ಮೂರು ದಿನ ಹಿಂದಿನದು.

ಆ ತಾರೀಖು ಎಷ್ಟು ಮುಖ್ಯ ಎಂದು ಶಿರಸಿಯ ವಕೀಲರು ತಿಳಿಸಿದರು. ನಿಮಗೂ ಇದು ಸರಿಯಾಗಿ ಗೊತ್ತಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ನೌಕರಿಯಲ್ಲಿದ್ದು ನೌಕರಿಯ ಭಾಗವಾಗಿ ಮಾಡಿದ ವಿನ್ಯಾಸದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರದ್ದು. ಹಾಗಾಗಿ 41 ದಿನ ನಾನು ಮಾಡಿದ ಪೋಸ್ಟುಗಳು ಅವರವೇ, ನನಗೆ ಬರಬೇಕಾದ್ದು ಸಂಬಳ. ಆದರೆ ಟೆಸ್ಟ್ ಮಾಡುವಾಗ ನಾನು ಯಾರ ನೌಕರಳೂ ಅಲ್ಲ. ಆ ಲೋಗೊ, ಆ ಅಕ್ಷರ ಮಾಡಿದವಳು ನಾನು, ಅದರ ಮೊದಲ ಹಕ್ಕುದಾರಳೂ ನಾನೇ. 19ನೇ ಕಲಂ ಪ್ರಕಾರ ಆ ಹಕ್ಕನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದಾದರೆ ಬರಹದಲ್ಲಿ, ಸಹಿ ಸಮೇತ ಆಗಬೇಕು. ಡ್ರೈವ್ ಲಿಂಕ್ ಕಳಿಸಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ನೋಂದಣಿ ಮಾಡಿಸಿಲ್ಲವಲ್ಲ ಎಂದು ಹೆದರಿಸುತ್ತಾರೆ. ನೋಂದಣಿ ಕಡ್ಡಾಯವಲ್ಲ, ಕೃತಿ ಮಾಡಿದ ಕ್ಷಣದಿಂದಲೇ ಹಕ್ಕು ಇರುತ್ತದೆ. ಕಳಿಸಿದ ಇಮೇಲಿನ ತಾರೀಖು, ನಿಮ್ಮ ಕಂಪ್ಯೂಟರಿನಲ್ಲಿರುವ ಮೊದಲ ಫೈಲು, ಕಾಗದದ ಮೇಲಿನ ಸ್ಕೆಚ್ಚು, ಇವೇ ಸಾಕ್ಷಿ. ನನ್ನ ಸ್ಕೆಚ್ ಪುಸ್ತಕದಲ್ಲಿ ಆ ಗಾಳದ ಹನ್ನೊಂದು ರೂಪ ಇದ್ದವು. ವಕೀಲರು ಪುಟ ಪುಟವನ್ನೂ ಫೋಟೊ ತೆಗೆಸಿದರು.

ಸೇರುವಾಗ ನನ್ನಿಂದ ಇನ್ನೊಂದು ಕಾಗದಕ್ಕೂ ಸಹಿ ಹಾಕಿಸಿಕೊಂಡಿದ್ದರು, ಬಿಟ್ಟ ಮೇಲೆ ಎರಡು ವರ್ಷ ಜಿಲ್ಲೆಯಲ್ಲಿ ಎಲ್ಲೂ ಡಿಸೈನ್ ಕೆಲಸ ಮಾಡಬಾರದು ಎಂದು. ಅದಕ್ಕೆ ಹೆದರಿ ಒಂದು ತಿಂಗಳು ಪ್ರೆಸ್ಸಿನ ಕಡೆ ತಲೆಹಾಕಲಿಲ್ಲ. ಕೆಲಸ ಬಿಟ್ಟ ಮೇಲೂ ಹೊಟ್ಟೆಪಾಡಿಗೆ ಅಡ್ಡಬರುವ ಅಂಥ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ನಿಲ್ಲುವುದಿಲ್ಲ. ಇಷ್ಟು ವರ್ಷ ಕೆಲಸ ಬಿಡುವುದಿಲ್ಲ ಎಂಬ ಬಾಂಡ್ ಬೇರೆ ವಿಷಯ, ಅದಕ್ಕೆ ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಿ.

ವಕೀಲರ ನೋಟಿಸು ಏಜೆನ್ಸಿಗೆ ಹೋದ ಮೂರು ವಾರಕ್ಕೆ ಅಂಕಪಟ್ಟಿ ಕೊರಿಯರಿನಲ್ಲಿ ಬಂತು. 41 ದಿನಕ್ಕೆ ಲೆಕ್ಕದ ಪ್ರಕಾರ 24,600 ಬರಬೇಕು; 12,000 ಹಾಕಿ, ಇನ್ನೇನೂ ಬಾಕಿ ಇಲ್ಲ ಎಂದು ಸಹಿ ಹಾಕಿಕೊಡಿ ಅಂದರು. ಹಾಕಿಲ್ಲ. ಉಳಿದದ್ದಕ್ಕೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಿದ್ದೇನೆ. ಅಪಾಯಿಂಟ್‌ಮೆಂಟ್ ಲೆಟರ್ ಇಲ್ಲದವಳು ಅಲ್ಲಿ ಕೆಲಸ ಮಾಡಿದ್ದೆ ಎಂದು ತೋರಿಸಿದ್ದು ವಾಟ್ಸಾಪಿನಿಂದ: ಬೆಳಿಗ್ಗೆ 'ಬೇಗ ಬನ್ನಿ' ಎಂದು ಬಂದ ಮೆಸೇಜು, ರಾತ್ರಿ 'ಇದನ್ನು ತಿದ್ದಿ' ಎಂದು ಬಂದ ಮೆಸೇಜು. ಗ್ರೂಪಿನಿಂದ ತೆಗೆದುಹಾಕುವ ಮೊದಲೇ ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡಿದ್ದೆ. ಒಳ್ಳೆಯದಾಯಿತು.

ಈಗ ಆ ಜಾಹೀರಾತಿಗೆ 'ಇಂಟರೆಸ್ಟೆಡ್' ಹಾಕಿದವರಿಗೆ ಹೇಳುತ್ತೇನೆ. ಟೆಸ್ಟ್ ಕೇಳುವುದೇ ತಪ್ಪಲ್ಲ, ಒಳ್ಳೆಯ ಏಜೆನ್ಸಿಗಳೂ ಕೇಳುತ್ತವೆ. ಆದರೆ ಅವರು ಇಲ್ಲದ ಅಂಗಡಿಯೊಂದನ್ನು ಕಲ್ಪಿಸಿಕೊಂಡು ಒಂದು ಸಣ್ಣ ಕೆಲಸ ಕೊಡುತ್ತಾರೆ, ಎರಡು ಮೂರು ಗಂಟೆಯದ್ದು; ಅಥವಾ ಟೆಸ್ಟಿಗೂ ದುಡ್ಡು ಕೊಡುತ್ತಾರೆ. ನಿಮಗೆ ಬಂದದ್ದರಲ್ಲಿ ನಿಜವಾದ ಫೋನ್ ನಂಬರ್, ದರಪಟ್ಟಿ, ಬೋರ್ಡಿನ ಅಡಿ ಲೆಕ್ಕ ಇದ್ದರೆ ಅದು ಯಾರೋ ಆಗಲೇ ದುಡ್ಡು ಕೊಟ್ಟಿರುವ ಕೆಲಸ. ಆದರೂ ಮಾಡಲೇಬೇಕು ಅನ್ನಿಸಿದರೆ ಓಪನ್ ಫೈಲ್ ಬೇಡ, ಚಿಕ್ಕ ಅಳತೆಯ ಜೆಪಿಜಿ ಕಳಿಸಿ, ಅಡ್ಡಲಾಗಿ ನಿಮ್ಮ ಹೆಸರು ಹಾಕಿ. ಕಳಿಸುವ ಇಮೇಲಿನಲ್ಲೇ ಒಂದು ಸಾಲು ಬರೆಯಿರಿ: 'ಇದು ಆಯ್ಕೆಗಾಗಿ ಮಾತ್ರ. ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಬಳಸುವಂತಿಲ್ಲ.' ಈ ಸಾಲು ನೋಡಿ ಅವರು ಸಿಟ್ಟಾದರೆ, ಆ ಸಿಟ್ಟಿನಲ್ಲೇ ನಿಮಗೆ ಉತ್ತರ ಸಿಕ್ಕಿತು. ಮೂಲ ಅಂಕಪಟ್ಟಿಯನ್ನು ತೋರಿಸಿ, ಜೆರಾಕ್ಸ್ ಕೊಡಿ, ಮೂಲ ಮಾತ್ರ ಯಾರ ಕೈಗೂ ಬಿಡಬೇಡಿ. ಲೆಟರ್ ಕೈಗೆ ಬರುವವರೆಗೆ ಈಗಿರುವ ಕೆಲಸ ಬಿಡಬೇಡಿ. ನನ್ನನ್ನು ಪ್ರೆಸ್ಸಿನ ಯಜಮಾನರು ವಾಪಸ್ ಸೇರಿಸಿಕೊಂಡರು, ಎಲ್ಲರೂ ಹಾಗೆ ಸೇರಿಸಿಕೊಳ್ಳುವುದಿಲ್ಲ.

ಹೊನ್ನಾವರದ ಹುಡುಗನಿಗೆ ಹೋದ ತಿಂಗಳು ಫೋನ್ ಮಾಡಿದೆ. ಫೈಲಿನಿಂದ ಅವನ ಹೆಸರು ಅಳಿಸಿದ್ದು ನಾನು ಎಂದು ಹೇಳಿ ಕ್ಷಮೆ ಕೇಳಿದೆ. ತುಂಬ ಹೊತ್ತು ಮಾತಾಡಲಿಲ್ಲ ಅವನು. ಆಮೇಲೆ, "ಅಕ್ಕಾ, ಆ ಡಬ್ಬಿಯನ್ನು ಅಂಗಡಿಯಲ್ಲಿ ನೋಡಿದ್ದೆ. ಬೇರೆ ಯಾರಿಗೋ ನನ್ನ ಹಾಗೇ ಹೊಳೆದಿರಬೇಕು ಅಂದ್ಕೊಂಡೆ" ಅಂದ. ಅವನ ಹತ್ತಿರ ಜಲವರ್ಣದ ಮೂಲ ಚಿತ್ರ ಹಾಗೇ ಇದೆ. ನಾನು ಹೆಸರು ಬದಲಿಸಿದ ದಿನ, ಗಂಟೆ, ಯಾರು ಹೇಳಿದ್ದು ಎಂಬುದನ್ನೆಲ್ಲ ಬರೆದು ಸಹಿ ಮಾಡಿ ಕೊಟ್ಟಿದ್ದೇನೆ. ಅದನ್ನೂ ಲಗತ್ತಿಸಿ ಅವನ ನೋಟಿಸು ಸೋಮವಾರ ಸ್ಪೀಡ್ ಪೋಸ್ಟಿನಲ್ಲಿ ಏಜೆನ್ಸಿಗೆ ಹೋಯಿತು.